ತಾಂಬೂಲ ಕೊಟ್ಟ ಮೇಲೆ ಕರೆದ ಬೋರ್ಡ್ ಮೀಟಿಂಗ್

ನನ್ನ ವಾರಗಿತ್ತಿಗೆ ತಿರುಗುವ ಕುರ್ಚಿ ಬಂದ ದಿನ ನನಗೆ ಊಟ ಸೇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಒಳ್ಳೆಯದಕ್ಕಾಗಿ ಬೋರ್ಡಿನಲ್ಲಿ ಬಾಯಿ ಬಿಟ್ಟೆ ಎಂದು ಬರೆದುಕೊಂಡರೆ ಓದುವವರು ನಂಬಿಯಾರು. ಆದರೆ ನಾನು ಬಾಯಿ ಬಿಟ್ಟಿದ್ದು ಹೊಟ್ಟೆಕಿಚ್ಚಿನಿಂದ.

ಕಂಪನಿ ಎಂದರೆ ಹುಣಸೆಹಣ್ಣಿನ ಕಂಪನಿ. ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ಡು, ಅದರ ಹಿಂದೆ ಮಳೆಗಾಲದಲ್ಲಿ ಹಣ್ಣು ಕಪ್ಪಾಗದಂತೆ ಇಡಲು ಒಂದು ಕೋಲ್ಡ್ ರೂಮು. ತೊಂಬತ್ತರ ದಶಕದಲ್ಲಿ ನನ್ನ ಯಜಮಾನರೂ ಮೈದುನನೂ ಸೇರಿ ಕಟ್ಟಿದ್ದು. ಪ್ರೈವೇಟ್ ಲಿಮಿಟೆಡ್ ಮಾಡುವಾಗ ಆಡಿಟರು, ಇನ್ನಿಬ್ಬರು ಡೈರೆಕ್ಟರು ಇದ್ದರೆ ಚೆನ್ನಾಗಿರುತ್ತದೆ ಎಂದರಂತೆ. ಹೊರಗಿನವರು ಯಾಕೆ ಎಂದು ಅಣ್ಣತಮ್ಮಂದಿರು ಹೆಂಡತಿಯರ ಹೆಸರು ಬರೆಸಿದರು. ನಾನು ರಾಗಿ ಕೇರುತ್ತಿದ್ದೆ. ಪೇಪರು ತಂದು ಮೊರದ ಪಕ್ಕ ಇಟ್ಟರು, ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸೈನ್ ಮಾಡಿದೆ. ನಾನು ಡೈರೆಕ್ಟರ್ ಆಗಿದ್ದು ಹಾಗೆ.

ಯಜಮಾನರು ತೀರಿಕೊಂಡ ಮೇಲೆ ಅವರ ಜಾಗಕ್ಕೆ ಗುಬ್ಬಿಯ ಮೇಷ್ಟ್ರೊಬ್ಬರನ್ನು ತಂದರು. ನಿವೃತ್ತಿ ಆದವರು, ನಮಗೆ ನೆಂಟರಲ್ಲ, ಯಜಮಾನರ ಸ್ನೇಹಿತರು. ಅಲ್ಲಿಗೆ ಬೋರ್ಡಿನಲ್ಲಿ ನಾಲ್ವರು: ಮೈದುನ, ಅವನ ಹೆಂಡತಿ, ಮೇಷ್ಟ್ರು, ನಾನು. ಅಧ್ಯಕ್ಷರ ಜಾಗ ಖಾಲಿ ಇತ್ತು. ಮನೆಗೆ ಹಿರೀಸೊಸೆ ನಾನು, ನನ್ನನ್ನು ಒಂದು ಮಾತು ಕೇಳಿಯಾರು ಎಂದುಕೊಂಡಿದ್ದೆ. ಕೇಳಲಿಲ್ಲ. ವಾರಗಿತ್ತಿ ಪಿಯುಸಿ ಮಾಡಿದವಳು, ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಾಳೆ, ಅವಳೇ ಇರಲಿ ಎಂದ ಮೈದುನ. ಮಾರನೆಯ ವಾರ ಕುರ್ಚಿ ಬಂತು. ಬಾಗಿಲಿಗೆ ಅವಳ ಹೆಸರಿನ ಹಿತ್ತಾಳೆ ಬೋರ್ಡೂ ಬಂತು. ಆ ಬೋರ್ಡನ್ನು ಒರೆಸುವಾಗ ಆಳು ಹೆಂಗಸು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆ ಎಂದು ಕೂಡ ನಾನು ನೋಡುತ್ತಿದ್ದೆ.

ನನ್ನದು ಖರೀದಿ. ಅದನ್ನು ಯಾರೂ ಕೊಟ್ಟಿದ್ದಲ್ಲ, ಯಜಮಾನರ ಜೊತೆ ಓಡಾಡಿ ಬಂದ ಕೆಲಸ. ಕಾಯಿ ಬಲಿಯುವ ಹೊತ್ತಿಗೆ, ದೀಪಾವಳಿಯ ಹಿಂದುಮುಂದು, ಮರ ನೋಡಲು ಹೊರಡಬೇಕು. ಹೆಬ್ಬೂರಿನ ಕಡೆ, ಗುಬ್ಬಿಯ ಕಡೆ, ಕುಣಿಗಲ್ ರಸ್ತೆಯ ಸಾಲುಮರಗಳ ಆಚೆ ಹೊಲದ ಬದುಗಳಲ್ಲಿ. ಮರದ ಸುತ್ತ ಒಂದು ಸುತ್ತು ಬಂದು ಬಿಸಿಲು ಬೀಳುವ ಕೊಂಬೆಯನ್ನೂ ನೆರಳಿನ ಕೊಂಬೆಯನ್ನೂ ಬೇರೆಬೇರೆ ನೋಡಬೇಕು. ಒಂದು ಕಾಯಿ ಮುರಿದು ನಾರು ಎಷ್ಟಿದೆ, ತಿರುಳು ಬೀಜಕ್ಕೆ ಎಷ್ಟು ಅಂಟಿದೆ ನೋಡಬೇಕು. ದರ ಕುದುರಿದರೆ ಮರದ ಬುಡದಲ್ಲೇ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಕೊಡುವುದು. ಅದೇ ನಮ್ಮ ಕರಾರು. ತಾಂಬೂಲ ಕೊಟ್ಟ ಮೇಲೆ ಬೇರೆ ವ್ಯಾಪಾರಿ ಬಂದು ಜಾಸ್ತಿ ಕೊಡುತ್ತೇನೆ ಎಂದರೂ ಮರದವನು ಕೊಡುವುದಿಲ್ಲ. ಗಾಳಿಗೆ ಕಾಯಿ ಉದುರಿಹೋದರೂ ನಾವು ಹಿಂದೆ ಸರಿಯುವುದಿಲ್ಲ. ಯಾವ ಪೇಪರೂ ಇಲ್ಲ. ಆ ಭಾಗದ ಊರುಗಳಲ್ಲಿ ನಾನು ಬಸ್ಸಿಳಿದರೆ ಕಟ್ಟೆಯ ಮೇಲಿದ್ದವರು ಜಾಗ ಬಿಟ್ಟುಕೊಡುತ್ತಿದ್ದರು. ವಾರಗಿತ್ತಿಯ ಕುರ್ಚಿಗೆ ಎದುರಾಗಿ ನನ್ನ ಹತ್ತಿರ ಇದ್ದದ್ದು ಅದೊಂದೇ.

ಬೋರ್ಡ್ ಮೀಟಿಂಗ್ ಎಂದರೆ ಆಗ ಮರಳೂರಿನಲ್ಲಿ ಮೈದುನನ ಮನೆಯಲ್ಲಿ ಊಟ. ಊಟ ಆದ ಮೇಲೆ ಆಡಿಟರು ಮೊದಲೇ ಬರೆದು ತಂದ ನಡಾವಳಿಗೆ ಎಲ್ಲರೂ ಸೈನು ಹಾಕುವುದು. ಏನು ತೀರ್ಮಾನ ಆಯಿತು ಎಂದು ಮನೆಗೆ ಹೋದ ಮೇಲೆ ಯಾರಾದರೂ ಕೇಳಿದರೆ ಹೋಳಿಗೆ ಚೆನ್ನಾಗಿತ್ತು ಎಂದು ಹೇಳಬಹುದಾಗಿತ್ತು, ಅಷ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದೊಡ್ಡ ಮಸಾಲೆ ಕಂಪನಿಯವರು ನಮ್ಮ ಅಷ್ಟೂ ಹಣ್ಣನ್ನು ತಾವೇ ತೆಗೆದುಕೊಳ್ಳುತ್ತೇವೆ ಎಂದು ಬಂದರು. ಹಣ್ಣು ನೋಡಿದರು, ಕೋಲ್ಡ್ ರೂಮು ನೋಡಿದರು. ಆಮೇಲೆ, ನಿಮ್ಮ ಬೋರ್ಡು ಹೇಗೆ ನಡೆಯುತ್ತದೆ, ಯಾರಿಂದ ಕೊಳ್ಳುತ್ತೀರಿ, ಅದನ್ನು ಯಾರು ತೀರ್ಮಾನ ಮಾಡುತ್ತಾರೆ ಎಂದು ಕೇಳಿದರು. ಆಡಿಟರಿಗೆ ಬೆವರು ಬಂತು. ಇನ್ನು ಮೇಲೆ ಮೀಟಿಂಗನ್ನು ನಿಜವಾಗಿ ನಡೆಸಬೇಕು, ನೋಟಿಸು ಕಳಿಸಬೇಕು, ವಿಷಯ ಓದಬೇಕು, ಒಪ್ಪಿಗೆ ಇಲ್ಲದವರು ಇಲ್ಲ ಎನ್ನಬಹುದು ಎಂದರು. ಮೈದುನ ನಕ್ಕ. ಇಲ್ಲ ಎನ್ನುವವರು ಇದ್ದಾರೆ ಎಂದು ಅವನಿಗೆ ಅನಿಸಿರಲಿಲ್ಲ.

ನೋಟಿಸು ಇಂಗ್ಲಿಷಿನಲ್ಲಿತ್ತು. ನನ್ನ ಮನೆಯೂ ಗುಬ್ಬಿಯಲ್ಲೇ ಇದ್ದುದರಿಂದ ಮೇಷ್ಟ್ರ ಮನೆಗೆ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಓದಿದರು, ಮೂರನೇ ವಿಷಯಕ್ಕೆ ಬಂದಾಗ ನಿಲ್ಲಿಸಿದರು.

"ಏನು ಮೇಷ್ಟ್ರೇ?"

"ಖರೀದಿಯ ಹೊಣೆಯನ್ನ ಇನ್ಮೇಲೆ ಒಬ್ರಿಗೆ ವಹಿಸೋದು ಅಂತಿದೆ ಕಣಮ್ಮ."

"ಯಾರಿಗೆ? ನಂಗಾ?"

"ನಿಮ್ಮ ವಾರಗಿತ್ತಿಯ ಅಣ್ಣನಿಗೆ."

ಅವಳ ಅಣ್ಣ ಕುಣಿಗಲ್ಲಿನ ಹತ್ತಿರ ದಿನಸಿ ವ್ಯಾಪಾರ ಮಾಡುತ್ತಿದ್ದ. ಒಳ್ಳೆಯ ಮನುಷ್ಯನೇ. ಆದರೆ ನನಗೆ ಆ ಹೊತ್ತಿನಲ್ಲಿ ಒಳ್ಳೆಯವನಾಗಿ ಕಾಣಲಿಲ್ಲ. ಕುರ್ಚಿಯನ್ನೂ ತೆಗೆದುಕೊಂಡಳು, ಈಗ ನನ್ನ ಮರಗಳನ್ನೂ ತವರಿಗೆ ಸಾಗಿಸುತ್ತಾಳೆ ಎಂದು ಕುದಿಯಿತು. ಮೀಟಿಂಗಿನವರೆಗೂ ಅದನ್ನೇ ಮೆಲುಕು ಹಾಕಿದೆ.

ಮೀಟಿಂಗು ಶೆಡ್ಡಿನಲ್ಲೇ, ಪ್ಲೈವುಡ್ ಗೋಡೆಯ ಆಫೀಸಿನಲ್ಲಿ. ಆಚೆ ಹೆಂಗಸರು ಹಣ್ಣು ಕುಟ್ಟಿ ಬೀಜ ತೆಗೆಯುವ ಸದ್ದು. ಆಡಿಟರು ಮೊದಲ ಎರಡು ವಿಷಯ ಓದಿದರು, ಆಯಿತು. ಮೂರನೆಯದು ಓದಿದರು.

ಮೈದುನ ಕೈ ಬೀಸಿದ. "ಇದ್ರಲ್ಲಿ ಮಾತಾಡೋಕೇನಿದೆ ಸಾರ್? ಬರ್ಕೊಳಿ. ಆಗ್ಲೇ ತಾಂಬೂಲ ಕೊಟ್ಟಾಗಿದೆ."

"ಯಾರು ಯಾರಿಗಪ್ಪ ಕೊಟ್ಟಿದ್ದು?" ಅಂದೆ.

"ನಾನೇ ಅತ್ಗೆ, ನಮ್ಮ ಭಾವಮೈದನಿಗೆ. ಅವರ ಗೃಹಪ್ರವೇಶದ ದಿನ. ನೀವೂ ಅಲ್ಲೇ ಇದ್ರಲ್ಲ, ಎರಡನೇ ಸಲ ಪಾಯಸ ಹಾಕ್ಸ್ಕೊತಿದ್ರಿ."

ನಿಜ. ಮೈದುನ ತಟ್ಟೆಯಲ್ಲಿ ಎಲೆ ಅಡಿಕೆ ಕಾಯಿ ಇಟ್ಟು ಕೊಟ್ಟದ್ದನ್ನು ನಾನು ನೋಡಿದ್ದೆ. ಹೊಸ ಮನೆಯ ಮರ್ಯಾದೆ ಎಂದುಕೊಂಡಿದ್ದೆ.

"ಪಾಯಸ ಕುಡಿದಿದ್ದಕ್ಕೆ ನಾನು ಒಪ್ಪಿದೆ ಅಂತ ಬರ್ಕೊತೀಯಾ?"

ಮೇಷ್ಟ್ರು ಶಲ್ಯ ಬಾಯಿಗೆ ಅಡ್ಡ ಹಿಡಿದರು. ಮೈದುನನ ಮುಖ ಕೆಂಪಾಯಿತು. "ಕೊಟ್ಟ ತಾಂಬೂಲ ವಾಪಸ್ ಈಸ್ಕೊಳೋಕಾಗುತ್ತಾ ಅತ್ಗೆ? ಮರ್ಯಾದೆ ಪ್ರಶ್ನೆ."

"ತೀರ್ಮಾನ ಮೊದಲು, ತಾಂಬೂಲ ಆಮೇಲೆ ಅಲ್ವೇನಪ್ಪಾ? ನೀನು ತಾಂಬೂಲ ಕೊಟ್ಟು ಬಂದು ನಮ್ಮನ್ನ ಕರ್ದಿದೀಯ. ನಾವೇನು ಅಕ್ಷತೆ ಹಾಕೋಕೆ ಬಂದಿದೀವಾ?"

ಆಡಿಟರು ಗಂಟಲು ಸರಿಮಾಡಿಕೊಂಡರು. ಕಂಪನಿ ಕಟ್ಟುವಾಗ ಬರೆದ ನಿಯಮಗಳಲ್ಲಿ ಒಂದು ಮಾತಿದೆ ಎಂದು ತೆಗೆದು ಓದಿ, ನನಗಾಗಿ ಕನ್ನಡದಲ್ಲಿ ಹೇಳಿದರು. ಯಾವ ಡೈರೆಕ್ಟರಿಗಾದರೂ, ಅವರ ಹತ್ತಿರದವರಿಗಾದರೂ ಒಂದು ವಿಷಯದಿಂದ ಅನುಕೂಲ ಆಗುವುದಿದ್ದರೆ ಅವರು ಅದನ್ನು ಮೊದಲು ಬಾಯಿಬಿಟ್ಟು ಹೇಳಬೇಕು. ಆ ವಿಷಯಕ್ಕೆ ಅವರು ಕೈ ಎತ್ತುವ ಹಾಗಿಲ್ಲ. ತೀರ್ಮಾನ ಆಗಬೇಕಾದರೆ ಕೈ ಎತ್ತಬಹುದಾದವರು ಕಡೇಪಕ್ಷ ಇಬ್ಬರಾದರೂ ಇರಬೇಕು.

ಅಷ್ಟು ಸಂತೋಷ ನನಗೆ ಆ ಶೆಡ್ಡಿನಲ್ಲಿ ಎಂದೂ ಆಗಿರಲಿಲ್ಲ.

"ಹಂಗಾದ್ರೆ ಚೇರ್ಮನ್ನೋರು ಆಚೆ ಹೋಗ್ಲಿ. ಅವರ ಯಜಮಾನ್ರೂ ಹೋಗ್ಲಿ. ನಾನು ಮೇಷ್ಟ್ರು ತೀರ್ಮಾನ ಮಾಡ್ತೀವಿ."

ವಾರಗಿತ್ತಿ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಹೋಗ್ತೀನಿ ಅಕ್ಕ, ಅದಕ್ಕೇನಂತೆ. ಹೋಗೋಕ್ ಮುಂಚೆ ಒಂದು ಮಾತು. ಮೊನ್ನೆ ಹೆಬ್ಬೂರಲ್ಲಿ ನಿಮ್ಮ ತಮ್ಮನ ಮರಗಳಿಗೆ ತಾಂಬೂಲ ಕೊಟ್ಟು ಬಂದ್ರಲ್ಲ, ಅದಕ್ಕೆ ಯಾವ ಬೋರ್ಡು ಒಪ್ಪಿತ್ತು?"

"ಅದು ಪ್ರತಿ ವರ್ಷ ಕೊಡೋದು ಕಣೇ. ಅಪ್ಪನ ಕಾಲದ ಮರಗಳು."

"ನಮ್ಮ ಅಣ್ಣಂದು ಈ ವರ್ಷ, ನಿಮ್ಮ ತಮ್ಮಂದು ಪ್ರತಿ ವರ್ಷ. ಅಷ್ಟೇ ತಾನೇ ವ್ಯತ್ಯಾಸ?"

"ಎಲ್ಲರಿಗೂ ಕೊಟ್ಟ ರೇಟೇ ಅವನಿಗೂ ಕೊಟ್ಟಿರೋದು. ಒಂದು ಕಾಸು ಜಾಸ್ತಿ ಇಲ್ಲ."

"ಹಂಗಂತ ನೀವು ಹೇಳ್ತೀರಿ ಅಕ್ಕ. ನೋಡಿದವರು ಯಾರು?"

ಬಾಯಿಗೆ ಬಂದ ಬೈಗುಳ ನುಂಗಿದೆ. ಮರ ನೋಡುವವಳು ನಾನು, ದರ ಹೇಳುವವಳು ನಾನು, ಹಣ್ಣು ಬಂದ ಮೇಲೆ ಚೆನ್ನಾಗಿದೆ ಎಂದು ಒಳಗೆ ಬಿಡುವವಳೂ ನಾನು. ಯಜಮಾನರು ಇದ್ದಾಗ ಅವರಾದರೂ ಒಂದು ಸಲ ಕೈ ಹಾಕಿ ನೋಡುತ್ತಿದ್ದರು.

ಆಡಿಟರು ಲೆಕ್ಕ ಹಾಕಿದರು. ಖರೀದಿ ಯಾರಿಗೆ ಎನ್ನುವುದೇ ವಿಷಯ. ಅದರಲ್ಲಿ ಗಂಡ ಹೆಂಡತಿಗೂ ತಮ್ಮವರಿದ್ದಾರೆ, ನನಗೂ ನನ್ನವರಿದ್ದಾರೆ. ಉಳಿದದ್ದು ಮೇಷ್ಟ್ರು ಒಬ್ಬರು.

ಮೇಷ್ಟ್ರು ಸುತ್ತ ನೋಡಿದರು. "ಹಂಗಾದ್ರೆ ನಾನೇ ಪ್ರಸ್ತಾಪ ಮಾಡಿ, ನಾನೇ ಒಪ್ಪಿ, ನಾನೇ ಚಪ್ಪಾಳೆ ತಟ್ಕೊಬೇಕು."

ತೀರ್ಮಾನ ಆಗುವ ಹಾಗಿರಲಿಲ್ಲ. ಮುಂದಿನ ವಾರ ಇದೇ ದಿನ ಇದೇ ಹೊತ್ತಿಗೆ ಮತ್ತೆ ಸೇರುವುದು ಎಂದು ಆಡಿಟರು ಬರೆದುಕೊಂಡರು. ಯಾರೂ ಊಟಕ್ಕೆ ಕರೆಯಲಿಲ್ಲ.

ಆಚೆ ಬಂದು ಕೋಲ್ಡ್ ರೂಮಿನ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾಗ ಆಡಿಟರು ಬಂದರು.

"ಅಮ್ಮಾ, ಎರಡನ್ನೂ ಇಟ್ಕೊಳೋಕಾಗಲ್ಲ. ಖರೀದಿ ಬೇಕು ಅಂದ್ರೆ ಬೋರ್ಡು ಬಿಟ್ಟುಬಿಡಿ. ನಿಮ್ಮನ್ನ ಸಂಬಳಕ್ಕೆ ಇಟ್ಕೊಳಿ ಅಂತ ನಾನೇ ಹೇಳ್ತೀನಿ. ಬೋರ್ಡಲ್ಲಿ ಇರ್ತೀನಿ ಅಂದ್ರೆ ಖರೀದಿ ಬೇರೆಯವರಿಗೆ ಬಿಡಿ. ಅವ್ರು ಸರಿಯಾಗಿ ಮಾಡ್ತಾರಾ ಅಂತ ನೋಡಿ."

"ನೋಡೋದೂ ಒಂದು ಕೆಲಸಾನಾ ಸಾರ್?"

"ಬೋರ್ಡಿನ ಕೆಲಸಾನೇ ಅದು. ಇಷ್ಟು ವರ್ಷ ಯಾರೂ ಮಾಡ್ಲಿಲ್ಲ, ನಾನೂ ಮಾಡಿಸ್ಲಿಲ್ಲ."

ಆ ವಾರ ನಾನು ಯಾವ ಮರ ನೋಡಲೂ ಹೋಗಲಿಲ್ಲ. ಖರೀದಿ ಬಿಟ್ಟರೆ ನನಗೇನು ಉಳಿಯುತ್ತದೆ? ಊರೂರಿನ ಓಡಾಟ, ಮರದ ಕೆಳಗಿನ ಚೌಕಾಸಿ, ಜನ ಎದ್ದು ಜಾಗ ಬಿಡುವುದು, ಎಲ್ಲ ಹೋಗುತ್ತದೆ. ಬೋರ್ಡು ಬಿಟ್ಟರೆ ಏನು ಹೋಗುತ್ತದೆ? ಪ್ಲಾಸ್ಟಿಕ್ ಕುರ್ಚಿ, ಅರ್ಥವಾಗದ ಪೇಪರು. ಬುದ್ಧಿ ಇದ್ದವರು ಯಾರಾದರೂ ಬೋರ್ಡೇ ಬಿಡುತ್ತಿದ್ದರು. ನಾನೂ ಹಾಗೆಯೇ ಮನಸ್ಸು ಮಾಡಿದ್ದೆ. ಆಮೇಲೆ ಒಂದು ದಿನ ಒಲೆ ಮುಂದೆ ಕೂತಾಗ ಅದು ಹೇಗಿರುತ್ತದೆ ಎಂದು ಕಣ್ಣಿಗೆ ಕಟ್ಟಿತು. ತಿಂಗಳ ಕೊನೆಗೆ ನಾನು ಆ ಹಿತ್ತಾಳೆ ಬೋರ್ಡಿನ ಬಾಗಿಲ ಆಚೆ ನಿಂತಿರುತ್ತೇನೆ, ನನ್ನ ಸಂಬಳದ ಚೀಟಿಗೆ ಅವಳು ಒಳಗೆ ಸೈನು ಹಾಕುತ್ತಿರುತ್ತಾಳೆ. ಅವಳು ಏನು ಮಾಡಿದರೂ ಕೇಳುವುದಕ್ಕೆ ಆ ಮೇಜಿನ ಹತ್ತಿರ ನಾನಿರುವುದಿಲ್ಲ. ಮೇಷ್ಟ್ರು ಶಲ್ಯದಲ್ಲಿ ನಗುತ್ತಾರೆ, ಕೈ ಎತ್ತುತ್ತಾರೆ.

ಅದನ್ನು ತಡೆದುಕೊಳ್ಳುವುದು ನನ್ನಿಂದಾಗದು ಎನಿಸಿತು. ಮರ ಬಿಟ್ಟೇನು, ಅವಳನ್ನು ನೋಡುವವರಿಲ್ಲದೆ ಬಿಡುವುದಿಲ್ಲ ಎಂದುಕೊಂಡೆ. ಬೆಳಿಗ್ಗೆ ಎದ್ದು ಹೆಬ್ಬೂರಿನ ಬಸ್ಸು ಹತ್ತಿದೆ.

ತಮ್ಮ ಕೊಟ್ಟಿಗೆಯ ಮುಂದೆ ಹಸು ತೊಳೆಯುತ್ತಿದ್ದ. ನನ್ನನ್ನು ನೋಡಿ ಹೆಂಡತಿಗೆ ಕೂಗಿ ಹೇಳಿದ, "ಅಕ್ಕ ಬಂದವ್ಳೆ, ಕಾಫಿ ಇಡು." ನಾನು ಜಗಲಿಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ. ಈ ವರ್ಷ ನಿನ್ನ ಮರ ನಾನು ತೆಗೆದುಕೊಳ್ಳುವುದಿಲ್ಲ, ಕೊಟ್ಟ ಮಾತು ಬಿಟ್ಟುಕೊಡು. ಕಂಪನಿಯ ನಿಯಮ ಹೀಗಿದೆ ಎಂದು ಆಡಿಟರು ಹೇಳಿದ್ದನ್ನು ನನಗೆ ಬಂದ ಹಾಗೆ ಹೇಳಿದೆ.

ಅವನು ಚೊಂಬು ಕೆಳಗಿಟ್ಟ. "ತಾಂಬೂಲ ವಾಪಸ್ ಕೇಳೋಕೆ ಬಂದ್ಯಾ?"

"ಹೂಂ."

"ಎಲೆ ತಿಂದಾಯ್ತು, ಉಗಿದೂ ಆಯ್ತು. ಏನನ್ನ ವಾಪಸ್ ಕೊಡ್ಲಕ್ಕಾ?"

ನಗಬೇಕಾದ ಮಾತು. ಇಬ್ಬರೂ ನಗಲಿಲ್ಲ.

"ನಿನ್ನ ತಾಂಬೂಲ ನಂಬಿ ಗುಬ್ಬಿ ಕಡೆ ವ್ಯಾಪಾರೀನ ವಾಪಸ್ ಕಳಿಸ್ದೆ ಕಣಕ್ಕ. ನಾನು ನಿನ್ನ ತಮ್ಮ ಅಂತ ಏನಾದ್ರೂ ಜಾಸ್ತಿ ಕೇಳಿದ್ನಾ?"

"ಇಲ್ಲ."

"ಮತ್ತೆ? ತಮ್ಮ ಆಗಿರೋದೇ ತಪ್ಪಾ?"

"ನೀನು ತಮ್ಮ ಆಗಿರೋದು ತಪ್ಪಲ್ಲ. ನಾನೇ ಕೊಂಡು ನಾನೇ ಸರಿ ಅನ್ನೋದು ಅವರಿಗೆ ಸರಿ ಕಾಣಲ್ವಂತೆ."

"ಯಾರಿಗೆ? ಆ ಕುಣಿಗಲ್ಲೋಳಿಗಾ? ಅವಳ ಮೇಲಿನ ಹಟಕ್ಕೆ ತವರು ಬಿಡ್ತೀಯಾ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಹಟಕ್ಕೇ. ಆದರೆ ಹಟ ಒಳ್ಳೆಯ ದಾರಿಗೆ ಹೋಗುವಾಗ ಅದನ್ನು ಕಟ್ಟಿಹಾಕುವುದು ಯಾಕೆ ಎಂದುಕೊಂಡೆ. ಅವನ ಹೆಂಡತಿ ಒಳಗಿನಿಂದ ತೆಂಗಿನಕಾಯಿ ತಂದು ಜಗಲಿಯ ಮೇಲಿಟ್ಟಳು, ನಾನು ಕೊಟ್ಟಿದ್ದ ಕಾಯಿ. ಕಾಫಿ ಬರಲಿಲ್ಲ. ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿಗೆ ಬಂದೆ. ಬಿಸಿಲಿಗೆ ಕಣ್ಣು ಉರಿಯಿತು ಎಂದು ಪಕ್ಕದವಳಿಗೆ ಹೇಳಿದೆ.

ನಮ್ಮ ಶೆಡ್ಡಿಗೆ ಹುಣಸೆ ಕುಟ್ಟಲು ಬರುತ್ತಿದ್ದವರಲ್ಲಿ ಹೆಬ್ಬೂರಿನ ಹೆಂಗಸರಿದ್ದರು. ಸುದ್ದಿ ನನಗಿಂತ ಮುಂಚೆ ಹಿರೇಹಳ್ಳಿ ತಲುಪಿತ್ತು. ಅದು ನನಗೆ ತಿಳಿದದ್ದು ಮುಂದಿನ ಮೀಟಿಂಗಿನ ದಿನ.

ನಾನು ಮೊದಲೇ ಹೋಗಿ ಕೂತಿದ್ದೆ. ಈ ಸಲ ಅವಳೊಬ್ಬಳಿಗೇ ತವರಿನ ಸಂಬಂಧ ಇರುತ್ತದೆ, ನನ್ನ ಕೈ ತೊಳೆದುಕೊಂಡಾಗಿದೆ, ನಾನೂ ಮೇಷ್ಟ್ರೂ ಸೇರಿ ಅವಳ ಅಣ್ಣನನ್ನು ಬೇಡ ಎಂದು ಬರೆಸುತ್ತೇವೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ವಾರಗಿತ್ತಿ ಬಂದಳು. ಮುಡಿ ತುಂಬ ಮಲ್ಲಿಗೆ, ಮಡಿಕೆಯ ಗೆರೆ ಇನ್ನೂ ಅಳಿಯದ ಹೊಸ ಸೀರೆ.

ಆಡಿಟರು ಮೂರನೇ ವಿಷಯ ತೆಗೆಯುವುದಕ್ಕೆ ಮೊದಲೇ ನಾನು ಹೇಳಿದೆ. "ನಂಗೆ ಹೆಬ್ಬೂರಿನ ಸಂಬಂಧ ಇಲ್ಲ. ತಾಂಬೂಲ ವಾಪಸ್ ತಂದಿದೀನಿ. ಬರ್ಕೊಳಿ."

"ನಂದೂ ಬರ್ಕೊಳಿ," ಅಂದಳು ವಾರಗಿತ್ತಿ. "ನೀವು ಹೆಬ್ಬೂರಿಗೆ ಹೋಗಿದ್ದು ಕೇಳಿ, ನಿನ್ನೆ ನಾನೂ ನಮ್ಮ ಅಣ್ಣನ ಮನೆಗೆ ಹೋಗಿ ವಾಪಸ್ ತಂದೆ."

ಮೈದುನ ಅವಳ ಕಡೆ ತಿರುಗಿದ. "ನಂಗೆ ಹೇಳ್ಲೇ ಇಲ್ವಲ್ಲೇ!"

"ನೀವು ತಾಂಬೂಲ ಕೊಡುವಾಗ ನನ್ನ ಕೇಳಿದ್ರಾ?"

ನನಗೆ ತಡೆಯಲಾಗಲಿಲ್ಲ. "ಏನಂದ್ರಮ್ಮ ನಿಮ್ಮಣ್ಣ?"

"ಏನಂತಾನೆ ಅಕ್ಕ? ‘ಕಂಪನಿ ಅಂದ್ಮೇಲೆ ಅದೆಲ್ಲ ಇರುತ್ತೆ, ಬುಡು’ ಅಂದ. ಅತ್ತಿಗೆ ಊಟ ಮಾಡ್ಸಿ ಸೀರೆ ಉಡ್ಸಿ ಕಳಿಸಿದ್ರು."

ತಾಂಬೂಲ ವಾಪಸ್ ತರಲು ಹೋದವಳು ಸೀರೆ ಉಟ್ಟು ಬಂದಿದ್ದಳು. ನಾನು ಒಂದು ಲೋಟ ಕಾಫಿ ಇಲ್ಲದೆ ಬಂದಿದ್ದೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಆ ಸೀರೆಯ ಅಂಚನ್ನು ನೋಡುತ್ತಾ, ಅವಳ ಅಣ್ಣ ಕೂಡ ಒಂದಿಷ್ಟು ಕೂಗಾಡಬಾರದಾಗಿತ್ತೇ ಎಂದು ಬಯಸಿದೆ. ನಡಾವಳಿಯಲ್ಲಿ ಇದೆಲ್ಲ ಬರುವುದಿಲ್ಲ.

ಈಗ ನಾಲ್ವರೂ ಕೈ ಎತ್ತಬಹುದಾಗಿತ್ತು. ಬಹಳ ಹೊತ್ತು ಮಾತಾಯಿತು, ನಿಜವಾದ ಮಾತು. ಖರೀದಿ ಮಾಡುವವರು ನಾಲ್ವರಲ್ಲಿ ಯಾರಿಗೂ ಹತ್ತಿರದವರಾಗಿರಬಾರದು. ಮರ ನೋಡಿ ಬಂದು ದರವನ್ನು ಬೋರ್ಡಿನ ಮುಂದೆ ಹೇಳಬೇಕು. ಹಣ್ಣು ಬಂದಾಗ ಒಳಗೆ ಬಿಡುವ ಮುಂಚೆ ಬೋರ್ಡಿನಲ್ಲಿ ಇಬ್ಬರು ನೋಡಬೇಕು. ಒಂದು ವರ್ಷಕ್ಕೆ ಮಾತ್ರ ಒಪ್ಪುವುದು, ಆಮೇಲೆ ಮತ್ತೆ ಯೋಚಿಸುವುದು. ಕೊನೆಗೆ ನಾನೇ ಹೇಳಿದೆ, ಬೋರ್ಡು ಒಪ್ಪುವ ತನಕ ಯಾರೂ ಯಾರಿಗೂ ತಾಂಬೂಲ ಕೊಡಬಾರದು ಎಂದು.

"ತಾಂಬೂಲಾನೂ ಬರೀಬೇಕಾ?" ಮೈದುನನಿಗೆ ನಾಚಿಕೆ.

"ಬರೀಲೇಬೇಕು," ಅಂದರು ಆಡಿಟರು. "ನಿಮ್ಮಲ್ಲಿ ಕರಾರು ಆಗೋದೇ ಅದ್ರಲ್ಲಿ."

ಯಾರನ್ನು ಇಡುವುದು ಎಂದಾಗ ಮೇಷ್ಟ್ರು ತುಮಕೂರು ಮಂಡಿಯಲ್ಲಿ ಬಹಳ ವರ್ಷ ಹುಣಸೆ ವ್ಯಾಪಾರದಲ್ಲಿದ್ದ ಒಬ್ಬ ಸಾಬರ ಹೆಸರು ಹೇಳಿದರು. "ನೀವಿಬ್ರೂ ಎಷ್ಟು ಹುಡುಕಿದ್ರೂ ನೆಂಟಸ್ತಿಕೆ ಸಿಗಲ್ಲ, ಅದಕ್ಕೇ ಹೇಳ್ತಿದೀನಿ."

ಒಪ್ಪಿದೆವು. ಆಚೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ವಾರಗಿತ್ತಿ ಪಕ್ಕಕ್ಕೆ ಬಂದಳು.

"ನಮ್ಮಣ್ಣನ್ನ ಯಾಕೆ ತರೋಕೆ ಹೋದೆ ಗೊತ್ತಾ ಅಕ್ಕ? ಊರುಗಳಿಂದ ಫೋನ್ ಬರುತ್ತೆ. ನಾನು ಎತ್ತಿದ್ರೆ ‘ದೊಡ್ಡಮ್ಮೋರು ಇಲ್ವಾ’ ಅಂತಾರೆ. ನಾನು ಚೇರ್ಮನ್ನು ಅಂದ್ರೆ ‘ಆಗ್ಲಿ, ದೊಡ್ಡಮ್ಮೋರಿಗೆ ಹೇಳ್ಬುಡಿ’ ಅಂತಾರೆ. ಎಷ್ಟು ವರ್ಷ ಹೇಳ್ಬುಡ್ಲಿ?"

ನಾನು ಪಾಪ ಎನ್ನಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಗುಬ್ಬಿ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಆ ಮಾತನ್ನು ನೆನೆಸಿಕೊಂಡು ಖುಷಿಪಟ್ಟೆ. ಆಮೇಲೆ, ಇನ್ನು ಆ ಫೋನು ನನ್ನನ್ನು ಕೇಳಿಕೊಂಡು ಬರುವುದಿಲ್ಲ ಎಂದು ಹೊಳೆಯಿತು.

ಶಿವರಾತ್ರಿ ಹೊತ್ತಿಗೆ ಸಾಬರ ಹಣ್ಣು ಬರತೊಡಗಿತು. ನಿಯಮದ ಪ್ರಕಾರ ನೋಡುವ ಇಬ್ಬರು ನಾನು ಮತ್ತು ವಾರಗಿತ್ತಿ. ಬೇರೆ ಯಾರಿಗೂ ಆ ಕೆಲಸ ಬೇಕಿರಲಿಲ್ಲ, ನಮ್ಮಿಬ್ಬರಿಗೂ ಅದನ್ನು ಬಿಡುವ ಮನಸ್ಸಿರಲಿಲ್ಲ. ನಾನು ತಪ್ಪು ಹುಡುಕಲೆಂದೇ ಹೋಗುತ್ತಿದ್ದೆ. ಚೀಲದ ಮೇಲಿನದನ್ನು ಬಿಟ್ಟು ಬುಡಕ್ಕೆ ಕೈ ಹಾಕಿ ತೆಗೆಯುತ್ತಿದ್ದೆ. ನಾರು ಎಳೆದು, ಬೀಜ ಅದುಮಿ, ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ. ಅವಳು ಮೊದಮೊದಲು ಸುಮ್ಮನೆ ನೋಡಿದಳು, ಆಮೇಲೆ ತಾನೂ ಕೈ ಹಾಕಿದಳು. ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದ ಒಂದು ಲೋಡನ್ನು ಹಿಂದಕ್ಕೆ ಕಳಿಸಬೇಕು ಎಂದು ಮೊದಲು ಹೇಳಿದವಳು ಅವಳು. ನಾನು ಆಗತಾನೇ ಬಾಯಿ ತೆರೆಯುತ್ತಿದ್ದೆ. ಸಾಬರು ಅದನ್ನು ವಾಪಸ್ ತೆಗೆದುಕೊಂಡು ಹೋಗಿ, ಆ ಊರಿನವರಿಂದ ಒಣಗಿದ ಹಣ್ಣು ತಂದರು.

ಒಂದು ದಿನ ನಾನೇ ಕೇಳಿದೆ. "ಹೆಬ್ಬೂರಲ್ಲಿ ನಮ್ಮ ತಮ್ಮನ ಮರ ನೋಡಿದ್ರಾ ಸಾಬರೇ?"

"ನೋಡ್ದೆ ಅಮ್ಮ. ವಯಸ್ಸಾದ ಮರ, ನಾರು ಜಾಸ್ತಿ ಆಗಿದೆ. ನಮ್ಮ ಮಾಲಿಗೆ ಆಗ್ಬರಲ್ಲ ಅಂತ ಬಿಟ್ಟೆ."

ವಾರಗಿತ್ತಿ ಎದುರಿಗೇ ಇದ್ದಳು. ಅವಳು ಚೀಲದ ಬಾಯಿ ಕಟ್ಟುವುದರಲ್ಲಿ ಮುಳುಗಿದ ಹಾಗೆ ಇದ್ದಳು. ಏನಾದರೂ ಅಂದಿದ್ದರೆ ಜಗಳ ಆಡಿ ಹಗುರ ಆಗುತ್ತಿದ್ದೆ. ಆ ಮರಗಳ ಕಾಯಿಯನ್ನು ಪ್ರತಿ ವರ್ಷ ನಾನು ಮುರಿದು ನೋಡಿದ್ದೇನೆ. ನನ್ನ ಕಣ್ಣಿಗೆ ನಾರು ಯಾಕೆ ಬೀಳಲಿಲ್ಲವೋ, ಅಥವಾ ಸಾಬರು ಹೇಳಿದ್ದೇ ತಪ್ಪೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಸಾಲೆ ಕಂಪನಿಯವರು ಆ ವರ್ಷದ ಹಣ್ಣು ನೋಡಿ, ಬಣ್ಣ ಹಿಂದೆಂದಿಗಿಂತ ಚೆನ್ನಾಗಿದೆ ಎಂದರು. ಹಿಂದೆಂದಿಗಿಂತ ಎಂದರೆ ನನ್ನ ಕಾಲಕ್ಕಿಂತ. ಕೆಂಪಗೆ, ಮೆತ್ತಗೆ, ನಾರಿಲ್ಲದ ಹಣ್ಣು. ನಾನೇ ಕೈಯಲ್ಲಿ ಹಿಡಿದು ನೋಡಿದ್ದೆ. ಕುರ್ಚಿಗೆ ಪಟ್ಟ ಹೊಟ್ಟೆಕಿಚ್ಚಿಗಿಂತ ಇದು ಬೇರೆ ಥರ ಸುಟ್ಟಿತು. ಕುರ್ಚಿಯನ್ನಾದರೂ ಅವಳಿಗೆ ಸುಮ್ಮನೆ ಕೊಟ್ಟಿದ್ದರು. ಸಾಬರು ಇದನ್ನು ಕೆಲಸ ಮಾಡಿ ಗೆದ್ದಿದ್ದರು.

ಮತ್ತೆ ದೀಪಾವಳಿ ಬಂತು, ಮೀಟಿಂಗು ಬಂತು. ಸಾಬರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವ ವಿಷಯ. ನಾನು ಬೇಡ ಎಂದರೆ ಮೈದುನ ನನ್ನ ಕಡೆಗೇ ಬರುತ್ತಿದ್ದ. ಖರೀದಿ ಮನೆಯವರ ಕೈಗೆ ಬರಲಿ ಎಂದು ಅವನಿಗೆ ಒಳಗೊಳಗೇ ಆಸೆ ಇತ್ತು. ಹಿಂದಿನ ದಿನ ಗುಬ್ಬಿಗೆ ಫೋನ್ ಮಾಡಿ, "ಅತ್ಗೆ, ನೀವೇ ಮತ್ತೆ ನೋಡ್ಕೊಳಂಗಿದ್ರೆ ಹೇಳಿ, ಬೋರ್ಡಿಗೆ ಬೇರೆ ಯಾರನ್ನಾದ್ರೂ ತಂದ್ರಾಯ್ತು" ಎಂದಿದ್ದ. ರಾತ್ರಿಯೆಲ್ಲ ಮರಗಳೇ ಕಣ್ಣಿಗೆ ಬಂದವು.

ಆಡಿಟರು ವಿಷಯ ಓದಿದರು. ಹಣ್ಣಿನ ಬಗ್ಗೆ ಏನಾದರೂ ದೂರು ಇದೆಯಾ ಎಂದು ಕೇಳಿದರು. ಇದ್ದಿದ್ದರೆ ಹೇಳುತ್ತಿದ್ದೆ. ಮೈದುನ ನನ್ನ ಮುಖವನ್ನೇ ನೋಡುತ್ತಿದ್ದ.

"ಹಣ್ಣು ಚೆನ್ನಾಗಿತ್ತು," ಅಂದೆ.

"ಸರಿ, ಸೂಚಿಸೋರು ಯಾರು?"

ವಾರಗಿತ್ತಿಯ ಬಳೆ ಮೇಜಿನಿಂದ ಮೇಲೇಳುವ ಸದ್ದು ಕೇಳಿತು. ಅವಳು ಕೈ ಎತ್ತುವ ಮುಂಚೆ ನಾನು ಎತ್ತಿಬಿಟ್ಟೆ. ನಡಾವಳಿಯಲ್ಲಿ ಹಾಗೆಯೇ ಇದೆ. ಸೂಚಿಸಿದವರು ನಾನು. ಅನುಮೋದಿಸಿದವರು ಅಧ್ಯಕ್ಷರು, ನನ್ನ ಹೆಸರಿನ ಕೆಳಗೆ.